ಬೆರಳೋ, ಮಣಿಕಟ್ಟೋ?

ಚರ್ಮದಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆಯಲು ಯಾವ ಜಾಗ ಮೇಲು ಎಂದು ನೋಡಲು, ಎರಡು ವಾರ ಎಡಗೈಗೆ ಎರಡು ಸಾಧನ ಕಟ್ಟಿಕೊಂಡು ಓಡಾಡಿದೆ, ಮಲಗಿದೆ. ಬೆರಳುಗಳಿಗೆ ಜೆಲ್ ಹಚ್ಚಿದ ಎಲೆಕ್ಟ್ರೋಡ್‌ಗಳು, ಮಣಿಕಟ್ಟಿಗೆ ಒಣ ಲೋಹದ ಬಿಲ್ಲೆಗಳಿರುವ ಪಟ್ಟಿ. ಎರಡೂ ಮಾಡುವುದು ಒಂದೇ ಕೆಲಸ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿ, ಚರ್ಮ ಅದನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂದು ಮೈಕ್ರೋಸೀಮೆನ್ಸ್ ಎಂಬ ಅಳತೆಮಾನದಲ್ಲಿ ಅಳೆಯುತ್ತವೆ. ಬೆವರು ಗ್ರಂಥಿಗಳು ಚುರುಕಾದರೆ ಅಂಕಿ ಏರುತ್ತದೆ. ಆ ಗ್ರಂಥಿಗಳನ್ನು ನಡೆಸುವುದು ಸಿಂಪಥೆಟಿಕ್ ನರಗಳು, ಅಂದರೆ ಮೈಯನ್ನು ಚುರುಕುಗೊಳಿಸುವ ನರಗಳು ಮಾತ್ರ. ಹೃದಯ ಬಡಿತವನ್ನಾದರೆ ಚುರುಕುಗೊಳಿಸುವ, ನಿಧಾನಿಸುವ ಎರಡು ಬಗೆಯ ನರಗಳು ಎಳೆದಾಡುತ್ತವೆ. ಈ ಅಳತೆ ನನಗೆ ಇಷ್ಟವಾಗುವುದು ಅದಕ್ಕೇ.

ಎಚ್ಚರವಿದ್ದಾಗ ಬೆರಳೇ ಮೇಲು. ಒಂದು ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಫೋನ್ ಬಡಿದುಕೊಂಡಿತು. ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಗೆರೆ ಸರ್ರನೆ ಮೇಲೇರಿ, ನಿಧಾನವಾಗಿ ಇಳಿಯಿತು. ಮಣಿಕಟ್ಟಿನ ಗೆರೆ ಅದೇ ಹೊತ್ತಿಗೆ ಅಲುಗಾಡಲೇ ಇಲ್ಲ ಎನ್ನಬೇಕು. ಬೆರಳು, ಅಂಗೈಗಳಲ್ಲಿ ಬೆವರು ಗ್ರಂಥಿಗಳು ದಟ್ಟ, ಮನಸ್ಸಿನ ಏರುಪೇರಿಗೆ ಬೇಗ ಸ್ಪಂದಿಸುತ್ತವೆ. ಆದರೆ ಟೈಪ್ ಮಾಡಿದರೆ ಎಲೆಕ್ಟ್ರೋಡ್ ಒತ್ತಿ ಸುಳ್ಳು ಏರಿಳಿತ ಬರುತ್ತದೆ.

ರಾತ್ರಿ ಎಲ್ಲ ತಿರುವುಮುರುವು. ಹೊರಳಿದಾಗ ಬೆರಳಿನ ವೈರು ಎಳೆಯುತ್ತದೆ, ಟೇಪು ಬಿಡುತ್ತದೆ, ಬೆಳಗಿನ ಹೊತ್ತಿಗೆ ಜೆಲ್ ಒಣಗಿರುತ್ತದೆ. ಮೂರು ರಾತ್ರಿಯ ದಾಖಲೆ ಹಾಗೇ ಹಾಳಾಯಿತು. ಪಟ್ಟಿಯದು ಮೊದಲಿಗೆ ಸೊನ್ನೆಯ ಹತ್ತಿರ ಚಪ್ಪಟೆ ಗೆರೆ. ಬಿಲ್ಲೆಯ ಕೆಳಗೆ ಸ್ವಲ್ಪ ಬೆವರು ಕೂಡಿದ ಮೇಲೆಯೇ ಅದು ಸರಿಯಾಗಿ ಹಿಡಿಯುವುದು.

ನಿದ್ದೆ ಹತ್ತಿ ಒಂದು ಗಂಟೆ ಆಗುವಷ್ಟರಲ್ಲಿ ನಿಜವಾದ ಆಟ ಶುರು. ಒಂದರ ಹಿಂದೆ ಒಂದು ಚೂಪು ಏರಿಕೆಗಳು, ಎಷ್ಟೋ ನಿಮಿಷ, ಗರಗಸದ ಹಲ್ಲಿನ ಹಾಗೆ. ಪಟ್ಟಿ ಕೆಟ್ಟಿದೆ ಅಂದುಕೊಂಡೆ. ಚಲನೆಯ ಗೆರೆ ನೋಡಿದರೆ ಕೈ ಅಲುಗಿಯೇ ಇಲ್ಲ! ಸಂಶೋಧಕರು ಇದನ್ನು ‘ಬಿರುಗಾಳಿ’ ಎಂದೇ ಕರೆಯುತ್ತಾರೆ. ಕನಸಿನ ನಿದ್ದೆಯಲ್ಲಿ ಇದು ಜಾಸ್ತಿ ಇರಬೇಕು ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಗಾಢ ನಿದ್ದೆಯಲ್ಲೇ ಹೆಚ್ಚು.

ನಾನು ಬಳಸಿದ ಆ್ಯಪ್ ಮಾತ್ರ ಆ ಏರಿಕೆಗಳಿಗೆಲ್ಲ ‘ಒತ್ತಡ’ ಎಂದು ಕೆಂಪು ಗುರುತು ಹಾಕಿತ್ತು. ಇದು ತಪ್ಪು, ಸುಮ್ಮನೆ ಹೆದರಿಸುವಂಥ ತಪ್ಪು. ಹಗಲಿನ ಏರಿಕೆಯ ಅರ್ಥವನ್ನು ರಾತ್ರಿಗೆ ಹಚ್ಚಲೇಬೇಡಿ.

ಈಗ ಹಗಲಿನ ಪ್ರಯೋಗಕ್ಕೆ ಬೆರಳು, ರಾತ್ರಿಗೆ ಪಟ್ಟಿ. ಮಲಗುವ ಅರ್ಧ ಗಂಟೆ ಮೊದಲೇ ಕಟ್ಟಿಕೊಳ್ಳುತ್ತೇನೆ, ಬಿಲ್ಲೆ ಅಷ್ಟರಲ್ಲಿ ಹಿಡಿದಿರುತ್ತದೆ.