ಹಸುವೋ ಕುರಿಯೋ?

ಹೊಸಕೋಟೆ, ದೇವನಹಳ್ಳಿ ಕಡೆ ನೀರು, ಅರ್ಧ ಎಕರೆ ಹಸಿಮೇವು ಇದ್ದು, ತಿಂಗಳ ಫೀಸು ಕಟ್ಟಬೇಕಾದ ಮನೆಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವೇ ಸರಿ. ಹಾಲಿನ ದುಡ್ಡು ತಪ್ಪದೆ ಬರುತ್ತದೆ, ಹಿಂಡಿ ಅಂಗಡಿ, ಮೇವಿನ ಗಾಡಿ ಅಂತ ಊರಲ್ಲೇ ಸುತ್ತುತ್ತದೆ. ಡೇರಿಯಲ್ಲಿ ಹಾಲಿನ ಜಿಡ್ಡು ಶೇ 3.5, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಶೇ 8.5 ಇದೆಯೇ ಅಂತ ನೋಡುತ್ತಾರೆ; ಒಣಹುಲ್ಲು ಕಡಿಮೆಯಾದರೆ ಜಿಡ್ಡು ಇಳಿಯುತ್ತದೆ. ಹಾಲು ಕರೆದ ಮೇಲೆ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸಿ. ತೊಟ್ಟಿನ ರಂಧ್ರ ಮುಚ್ಚುವ ಮೊದಲೇ ಸಗಣಿಯಲ್ಲಿ ಮಲಗಿದರೆ ಕೆಚ್ಚಲು ಬಾವು ಬರುವ ಅಪಾಯ ಹೆಚ್ಚು.

ಕುರಿಗೆ ಬಂಡವಾಳ ಕಡಿಮೆ, ಗಬ್ಬ 5 ತಿಂಗಳು. ಆದರೆ ಹಣ ಬಕ್ರೀದ್, ಹೊಸತೊಡಕಿನ ಹೊತ್ತಿಗೆ ಇಡಿಗಂಟಾಗಿ ಬರುತ್ತದೆ. ಲೇಔಟ್ ಎದ್ದ ಕಡೆ ಮೇಯುವ ಬಯಲೇ ಇಲ್ಲ, ಅದೇ ದೊಡ್ಡ ನೋವು. ಮಳೆಗೆ ಮೊದಲೇ ಕರುಳುಬೇನೆ ಲಸಿಕೆ ಹಾಕಿಸಿ. ಎಳೆಹುಲ್ಲು ಹೊಟ್ಟೆಬಿರಿಯ ತಿಂದ ಕೊಬ್ಬಿದ ಮರಿಯೇ ಈ ಬೇನೆಗೆ ಮೊದಲು ಸಾಯುವುದು.