ಕೋವಿಡ್ ಲಸಿಕೆ ರಿವ್ಯೂ: ಮಾಲು ಒಳ್ಳೆಯದು, ಹೇಳಿದ ರೀತಿ ಸರಿಯಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಕೋವಿಡ್ ಲಸಿಕೆಗೆ ನನ್ನ ಕಡೆಯಿಂದ 5ಕ್ಕೆ 4. ಅದರ ಬಗ್ಗೆ ಜನರಿಗೆ ಹೇಳಿದ ರೀತಿಗೆ 5ಕ್ಕೆ 2, ಅದೂ ಸ್ವಲ್ಪ ಜಾಸ್ತಿಯೇ ಆಯ್ತು. ಎರಡಕ್ಕೂ ಬೇರೆ ಬೇರೆ ಅಂಕ ಕೊಡಲೇಬೇಕು. "ಬೇಡ" ಅಂದವರೂ "ಹಾಕಿಸಲೇಬೇಕು" ಅಂದವರೂ ಅಷ್ಟು ದಿನ ಕಿತ್ತಾಡಿದ್ದು ಇವೆರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ.

ಇಷ್ಟು ವರ್ಷ ಆದಮೇಲೆ ಈಗ್ಯಾಕೆ ರಿವ್ಯೂ ಅಂತ ಕೇಳಬಹುದು. ಯಾಕಂದ್ರೆ ಆ ಮಾತು ಇನ್ನೂ ನಿಂತಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ವಾಟ್ಸಾಪಿನಲ್ಲಿ ಯಾರಾದರೂ ಒಬ್ಬರು ಕೇಳುತ್ತಲೇ ಇರುತ್ತಾರೆ: "ಮೂರು ಡೋಸ್ ಹಾಕಿಸಿಕೊಂಡವರಿಗೂ ಬಂತಲ್ಲ, ಮತ್ತೆ ಏನು ಉಪಯೋಗ ಆಯ್ತು?" ಇದು ನ್ಯಾಯವಾದ ಪ್ರಶ್ನೆ. ಕೇಳಿದವರನ್ನು ದಡ್ಡರು ಅಂತ ಬಾಯಿ ಮುಚ್ಚಿಸಿದ್ದು ನನಗೆ ಇವತ್ತಿಗೂ ಬೇಜಾರು.

ಮೊದಲು, ಕೊಡುವಾಗ ಏನು ಹೇಳಿದ್ದರು ನೋಡೋಣ. ಫೈಜರ್-ಬಯೋಎನ್‌ಟೆಕ್ ಲಸಿಕೆಯ ಪ್ರಯೋಗದಲ್ಲಿ ಸುಮಾರು 43,000 ಜನ ಇದ್ದರು. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಆಮೇಲೆ ಅವರ ಆರೋಗ್ಯ ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಆಮೇಲೆ ಕೋವಿಡ್ ಬಂದವರನ್ನು ಎಣಿಸಿದರು. ಉಪ್ಪುನೀರಿನ ಗುಂಪಿನಲ್ಲಿ 162, ಲಸಿಕೆ ಗುಂಪಿನಲ್ಲಿ 8. ಆ 95% ರಕ್ಷಣೆ ಅನ್ನೋ ಪ್ರಸಿದ್ಧ ಅಂಕಿ ಬಂದಿದ್ದು ಇಲ್ಲಿಂದ. ಮಾಡರ್ನಾ ಲಸಿಕೆಯ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ, 185ಕ್ಕೆ 11.

ಅಂಕಿ ನಿಜ, ಅದರಲ್ಲಿ ಮೋಸ ಇಲ್ಲ. ಆದರೆ ಅದರ ಜೊತೆಗೇ ದೊಡ್ಡ ಅಕ್ಷರದಲ್ಲಿ ಹೇಳಬೇಕಾಗಿದ್ದ ಎರಡು ಮಾತು ಸಣ್ಣ ಅಕ್ಷರದಲ್ಲಿ ಉಳಿದವು. ಒಂದು, ಅದು ಎರಡನೇ ಡೋಸ್ ಆದಮೇಲೆ ಸರಾಸರಿ ಎರಡು ತಿಂಗಳು ಮಾತ್ರ ನೋಡಿ ಹೇಳಿದ ಲೆಕ್ಕ. ಎರಡು, ಅಲ್ಲಿ ಎಣಿಸಿದ್ದು ಜ್ವರ ಕೆಮ್ಮು ಬಂದು, ಟೆಸ್ಟ್ ಮಾಡಿ, ಕೋವಿಡ್ ಅಂತ ಖಚಿತವಾದವರನ್ನು. ಲಕ್ಷಣ ಇಲ್ಲದೆ ಸೋಂಕು ಹೊತ್ತು ಓಡಾಡಿದವರು ಎಷ್ಟು ಜನ, ಇನ್ನೊಬ್ಬರಿಗೆ ಹರಡಿದವರು ಎಷ್ಟು ಜನ ಅಂತ ಆ ಪ್ರಯೋಗ ನೋಡಲೇ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಫೈಜರ್ ಪ್ರತಿನಿಧಿಯೊಬ್ಬರು ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಇದನ್ನೇ ಹೇಳಿದಾಗ ದೊಡ್ಡ ಗುಟ್ಟು ಬಯಲಾಯಿತು ಅನ್ನೋ ಹಾಗೆ ಗಲಾಟೆ ಆಯಿತು. ಗುಟ್ಟೇನೂ ಇರಲಿಲ್ಲ, 2020ರಲ್ಲೇ ಪ್ರಕಟವಾದ ವರದಿ ಓದಿದವರಿಗೆಲ್ಲ ಗೊತ್ತಿತ್ತು. ಆದರೆ ಮಾಮೂಲಿ ಜನ ವರದಿ ಓದಲ್ಲ, ಟಿವಿ ನೋಡ್ತಾರೆ. ಟಿವಿಯಲ್ಲಿ ಏನು ಬಂತು? 2021ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಅವರೇ ಲಸಿಕೆ ಹಾಕಿಸಿಕೊಂಡರೆ ಕೋವಿಡ್ ಬರೋದಿಲ್ಲ ಅಂದುಬಿಟ್ಟರು.

ಅದೇ ತಿಂಗಳು ಅವರದೇ ದೇಶದ ಪ್ರಾವಿನ್ಸ್‌ಟೌನ್ ಅನ್ನೋ ಕಡಲತೀರದ ಪುಟ್ಟ ಊರಿಗೆ ರಜೆ ಕಳೆಯಲು ಜನ ತುಂಬಿಕೊಂಡಿದ್ದರು. ಅಲ್ಲಿಂದ ಶುರುವಾದ ಸೋಂಕಿನಲ್ಲಿ 469 ಜನರನ್ನು ಲೆಕ್ಕ ಹಾಕಿದಾಗ ಮುಕ್ಕಾಲು ಪಾಲು ಜನ ಲಸಿಕೆ ಪೂರ್ತಿ ಆದವರೇ. ಪತ್ರಿಕೆಗಳ ತಲೆಬರಹ ಆಗಿದ್ದು ಈ ಮುಕ್ಕಾಲು ಪಾಲು. ಆಸ್ಪತ್ರೆ ಸೇರಿದ್ದು ಐದೇ ಜನ, ಸತ್ತವರು ಒಬ್ಬರೂ ಇಲ್ಲ ಅನ್ನೋ ಇನ್ನೊಂದು ಸಾಲು ಕೆಳಗೆಲ್ಲೋ ಹೋಯಿತು. ನನ್ನ ಪ್ರಕಾರ ಇಡೀ ಲಸಿಕೆಯ ರಿವ್ಯೂ ಆ ಎರಡು ಸಾಲಿನಲ್ಲೇ ಇದೆ.

ಹಾಗಾದರೆ ಸೋಂಕು ತಡೆಯುವ ಲಸಿಕೆಯ ಶಕ್ತಿ ಇಳಿದಿದ್ದು ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಜಗಳದ ಬೇರು ಇರೋದೇ ಇಲ್ಲಿ. ಲಸಿಕೆ ಹಾಕಿಸಿದ ಮೇಲೆ ಕೆಲವು ವಾರ ರಕ್ತದಲ್ಲಿ ವೈರಸ್ ಹಿಡಿಯುವ ಆ್ಯಂಟಿಬಾಡಿ ತುಂಬಿ ತುಳುಕುತ್ತಿರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮೂಗು ಗಂಟಲಿನ ತನಕವೂ ಬರುತ್ತದೆ. ಆ ಹೊತ್ತಿನಲ್ಲಿ ವೈರಸ್ ಬಂದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಕೆಲವು ತಿಂಗಳಲ್ಲಿ ಆ ಮಟ್ಟ ಇಳಿಯುತ್ತದೆ. ಇದು ಕೋವಿಡ್ ಲಸಿಕೆಯೊಂದರ ದೋಷ ಅಲ್ಲ, ದೇಹ ಇರೋದೇ ಹಾಗೆ. ಬಂದ ಪ್ರತಿ ರೋಗಕ್ಕೂ ಆ್ಯಂಟಿಬಾಡಿ ಅದೇ ಮಟ್ಟದಲ್ಲಿ ಇಟ್ಟುಕೊಂಡಿದ್ದರೆ ರಕ್ತ ಗಟ್ಟಿ ಆಗಿಹೋಗುತ್ತಿತ್ತು. ಆದರೆ ನೆನಪಿನ ಕೋಶಗಳು ಉಳಿಯುತ್ತವೆ. ವೈರಸ್ ಮತ್ತೆ ಬಂದಾಗ ಅವು ಎಚ್ಚೆತ್ತು ಹೊಸ ಆ್ಯಂಟಿಬಾಡಿ ಮಾಡುತ್ತವೆ, ಸೋಂಕು ತಗುಲಿದ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಅದಕ್ಕೆ ಕೆಲವು ದಿನ ಬೇಕು.

ಈಗ ಲೆಕ್ಕ ನೋಡಿ. ದಡಾರ ಒಳಗೆ ಹೊಕ್ಕಮೇಲೆ ಜ್ವರ ಬರೋದಕ್ಕೆ ಸುಮಾರು ಹತ್ತು ದಿನ ತಗೊಳ್ಳುತ್ತದೆ. ಅಷ್ಟರಲ್ಲಿ ನೆನಪಿನ ಕೋಶಗಳು ಎದ್ದು ಕೆಲಸ ಮುಗಿಸಿರುತ್ತವೆ, ನಮಗೆ ಬಂದಿದ್ದೂ ಗೊತ್ತಾಗಲ್ಲ. ದಡಾರದ ಲಸಿಕೆ ಜೀವನಪೂರ್ತಿ ನಡೆಯೋದಕ್ಕೆ ಇದೂ ಒಂದು ಕಾರಣ. ಕೋವಿಡ್‌ನ ಒಮಿಕ್ರಾನ್ ತಳಿ ಹಾಗಲ್ಲ. ಮೂರು ದಿನದಲ್ಲಿ ಗಂಟಲು ಕೆರೆತ ಶುರು. ನೆನಪಿನ ಕೋಶ ಎಚ್ಚರ ಆಗೋಷ್ಟರಲ್ಲಿ ಕೆಮ್ಮು ಬಂದು, ಪಕ್ಕದವರಿಗೆ ಹರಡಿಯೂ ಆಗಿರುತ್ತದೆ. ಆದರೆ ವೈರಸ್ ಶ್ವಾಸಕೋಶಕ್ಕೆ ಇಳಿದು ಆಕ್ಸಿಜನ್ ಬೇಕಾಗೋ ಹಂತಕ್ಕೆ ಹೋಗೋದಕ್ಕೆ ವಾರ, ಹತ್ತು ದಿನ ಬೇಕು. ಅಷ್ಟರಲ್ಲಿ ದೇಹ ತಯಾರಾಗಿರುತ್ತದೆ. ಹಾಗಾಗಿ ಒಂದೇ ಲಸಿಕೆ ನೆಗಡಿ ಜ್ವರದ ವಿಷಯದಲ್ಲಿ ಸೋಲುತ್ತದೆ, ಐಸಿಯು ವಿಷಯದಲ್ಲಿ ಗೆಲ್ಲುತ್ತದೆ.

ಇಂಗ್ಲೆಂಡಿನ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ಫೈಜರ್‌ನ ಎರಡು ಡೋಸ್ ಆದವರಿಗೆ ಒಮಿಕ್ರಾನ್ ಜ್ವರದಿಂದ ರಕ್ಷಣೆ ಮೊದಮೊದಲು 65% ಆಸುಪಾಸು ಇತ್ತು, 25 ವಾರ ಆದಮೇಲೆ 10%ಗಿಂತ ಕೆಳಗೆ. ಬೂಸ್ಟರ್ ಹಾಕಿದರೆ ಮತ್ತೆ 67%ಕ್ಕೆ ಏರಿತು, ಹತ್ತು ವಾರ ದಾಟಿದ ಮೇಲೆ 46% ಆಸುಪಾಸಿಗೆ ಬಂತು. ಇದನ್ನು ಓದಿದವರು "ನೋಡಿ, ಕೆಲಸಕ್ಕೆ ಬಾರದ್ದು" ಅಂದರು. ಜ್ವರದ ಅಂಕಿಯಷ್ಟನ್ನೇ ನೋಡಿದರೆ ಹಾಗೇ ಕಾಣುತ್ತದೆ.

ಸಾವಿನ ಅಂಕಿ ನೋಡಬೇಕಾದರೆ ಹಾಂಗ್‌ಕಾಂಗ್‌ಗೆ ಹೋಗಬೇಕು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅಲ್ಲಿ 2021ರ ಶುರುವಿನಿಂದಲೇ ಲಸಿಕೆ ಇತ್ತು, ದುಡ್ಡು ಕೊಡಬೇಕಾಗಿರಲಿಲ್ಲ. ಆದರೆ ಸೋಂಕೇ ಇಲ್ಲದಂತೆ ಊರನ್ನು ಕಾಪಾಡಿಕೊಂಡಿದ್ದರಿಂದ ಅವಸರ ಯಾರಿಗೂ ಕಾಣಲಿಲ್ಲ. ಬಿಪಿ, ಶುಗರ್ ಇರೋ ವಯಸ್ಸಾದವರಿಗೆ ಲಸಿಕೆ ತಡೆದುಕೊಳ್ಳೋಕೆ ಆಗಲ್ಲ ಅಂತ ಮನೆಯವರೇ ಹೆದರಿ ತಡೆದರು. ಪ್ರೀತಿಯಿಂದಲೇ ತಡೆದರು, ನೆನಪಿಡಿ. ಒಮಿಕ್ರಾನ್ ಬರೋ ಹೊತ್ತಿಗೆ 80 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ. 2022ರ ಮೊದಲ ಕೆಲವೇ ತಿಂಗಳಲ್ಲಿ 9,000ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಅವರಲ್ಲೂ ಬಹುಪಾಲು ಲಸಿಕೆ ಹಾಕಿಸದವರು. ಶವಾಗಾರಗಳಲ್ಲಿ ಜಾಗ ಸಾಲಲಿಲ್ಲ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ನ್ಯೂಜಿಲೆಂಡಿಗೂ ಒಮಿಕ್ರಾನ್ ಬಂತು. ಅಲ್ಲೂ ಅದುವರೆಗೆ ಸೋಂಕು ಕಡಿಮೆಯೇ ಇತ್ತು. ಆದರೆ ವಯಸ್ಸಾದವರಿಗೆಲ್ಲ ಹೆಚ್ಚು ಕಡಿಮೆ ಲಸಿಕೆ ಆಗಿತ್ತು. ಅಲ್ಲಿ ಸೋಂಕು ಬೇಕಾದಷ್ಟು ಹರಡಿತು, ಸಾವು ಆ ಮಟ್ಟಕ್ಕೆ ಹೋಗಲೇ ಇಲ್ಲ. "ಒಮಿಕ್ರಾನ್ ಬರೀ ನೆಗಡಿ" ಅನ್ನೋರು ಈ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

"ಆಸ್ಪತ್ರೆಯಲ್ಲಿ ಇರೋರೆಲ್ಲ ಲಸಿಕೆ ಆದವರೇ" ಅನ್ನೋ ಮಾತನ್ನೂ ಬಹಳ ಕೇಳಿದ್ದೇವೆ, ಅಲ್ವಾ? ಸುಮ್ನೆ ಒಂದು ಲೆಕ್ಕ ಹಾಕಿ. 1,000 ಜನ ಇದ್ದಾರೆ, 950 ಜನಕ್ಕೆ ಲಸಿಕೆ ಆಗಿದೆ, 50 ಜನಕ್ಕೆ ಇಲ್ಲ. ಲಸಿಕೆ ಇಲ್ಲದ 100ರಲ್ಲಿ 10 ಜನ ಆಸ್ಪತ್ರೆ ಸೇರುತ್ತಾರೆ, ಲಸಿಕೆ ಆದ 100ರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ಆಗ ವಾರ್ಡಿನಲ್ಲಿ ಲಸಿಕೆ ಆದವರು ಒಂಬತ್ತು ಹತ್ತು ಜನ, ಆಗದವರು ಐದು ಜನ. ನೋಡಿದವರಿಗೆ ಲಸಿಕೆ ಸೋತ ಹಾಗೆ ಕಾಣುತ್ತದೆ. ಆದರೆ ಆ ಐದು ಜನ ಬಂದಿದ್ದು ಬರೀ 50 ಜನರಿಂದ.

ಒಂದು ಅಂಕ ಯಾಕೆ ಕಡಿಮೆ ಕೊಟ್ಟೆ ಅಂದರೆ, ಅಡ್ಡ ಪರಿಣಾಮ ಇತ್ತು. ಫೈಜರ್, ಮಾಡರ್ನಾ ಥರದ ಎಂಆರ್‌ಎನ್‌ಎ ಲಸಿಕೆಯ ಎರಡನೇ ಡೋಸ್ ಆದ ಕೆಲವೇ ದಿನಗಳಲ್ಲಿ, ಮುಖ್ಯವಾಗಿ ಹದಿಹರೆಯದ ಮತ್ತು ಎಳೆಯ ವಯಸ್ಸಿನ ಗಂಡುಮಕ್ಕಳಲ್ಲಿ, ಹೃದಯದ ಸ್ನಾಯು ಊದಿಕೊಂಡ ಪ್ರಕರಣಗಳು ಬಂದವು. ಅಪರೂಪ, ಹೆಚ್ಚಿನವರು ಗುಣವಾದರು, ಆದರೂ ನಿಜ. ಆಸ್ಟ್ರಾಜೆನೆಕಾ ಲಸಿಕೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಕಂಡು, 2021ರ ಏಪ್ರಿಲ್‌ನಲ್ಲಿ ಡೆನ್ಮಾರ್ಕ್ ಅದನ್ನು ಕೊಡೋದನ್ನೇ ನಿಲ್ಲಿಸಿತು. ಬ್ರಿಟನ್ ಚಿಕ್ಕ ವಯಸ್ಸಿನವರಿಗೆ ಬೇರೆ ಲಸಿಕೆ ಕೊಡಲು ಶುರುಮಾಡಿತು. ನನಗೆ ಇದು ಭರವಸೆ ಕೊಟ್ಟ ಕೆಲಸ. ತೊಂದರೆ ಕಂಡರು, ಒಪ್ಪಿದರು, ನಿಯಮ ಬದಲಿಸಿದರು. ಜನ ರೊಚ್ಚಿಗೆದ್ದಿದ್ದು ಇದರ ಬಗ್ಗೆ ಕೇಳಿದಾಗ "ಸುಳ್ಳು ಸುದ್ದಿ ಹರಡಬೇಡಿ" ಅನ್ನಿಸಿಕೊಂಡಾಗ.

ಇನ್ನು ಒತ್ತಾಯದ ವಿಷಯ. ಒಮಿಕ್ರಾನ್‌ಗಿಂತ ಮುಂಚಿನ ಡೆಲ್ಟಾ ತಳಿ ಇದ್ದಾಗ, ಐಸಿಯುನಲ್ಲಿ ಕೆಲಸ ಮಾಡೋರಿಗೆ, ವೃದ್ಧಾಶ್ರಮದಲ್ಲಿ ನೋಡಿಕೊಳ್ಳೋರಿಗೆ ಕಡ್ಡಾಯ ಮಾಡಿದ್ದು ನನಗೆ ಸರಿ ಅನ್ನಿಸುತ್ತದೆ. ಆದರೆ ಒಮಿಕ್ರಾನ್ ಬಂದು, ಹರಡೋದನ್ನು ತಡೆಯುವ ಶಕ್ತಿ ಕೆಲವೇ ತಿಂಗಳದ್ದು ಅಂತ ಗೊತ್ತಾದ ಮೇಲೂ "ಬೇರೆಯವರಿಗೋಸ್ಕರ ಹಾಕಿಸಿಕೋ, ಇಲ್ಲದಿದ್ದರೆ ಕೆಲಸ ಬಿಡು" ಅಂದಿದ್ದಕ್ಕೆ ಆಧಾರ ಉಳಿದಿರಲಿಲ್ಲ. ಆಸ್ಟ್ರಿಯಾ ವಯಸ್ಕರಿಗೆಲ್ಲ ಕಡ್ಡಾಯ ಅಂತ 2022ರ ಫೆಬ್ರವರಿಯಲ್ಲಿ ಕಾನೂನು ಜಾರಿ ಮಾಡಿ, ಮಾರ್ಚ್‌ನಲ್ಲೇ ತಡೆಹಿಡಿದು, ಜೂನ್ ಹೊತ್ತಿಗೆ ಕೈಬಿಡೋದಾಗಿ ಹೇಳಿತು. ಆಗಲೇ ಸೋಂಕು ಬಂದು ವಾಸಿಯಾದವರ ವಿಷಯ ಇನ್ನೂ ಕೆಟ್ಟದು. ಯುರೋಪಿಯನ್ ಒಕ್ಕೂಟದ ಕೋವಿಡ್ ಪಾಸಿನಲ್ಲಿ ಅವರಿಗೆ 180 ದಿನ ಮಾನ್ಯತೆ ಇತ್ತು, ಇನ್ನೂ ಹಲವು ಕಡೆ ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಬೇಡ ಅಂದವರೆಲ್ಲ ಒಂದೇ ಥರ ಇರಲಿಲ್ಲ. ಚಿಪ್ ಹಾಕ್ತಾರೆ ಅಂತ ನಂಬಿದವರು ಇದ್ದರು, ಅವರ ಗದ್ದಲವೇ ಜಾಸ್ತಿ ಕೇಳಿಸಿತು. ಮಾರನೇ ದಿನ ಜ್ವರ ಬಂದರೆ ದಿನಗೂಲಿ ಹೋಗುತ್ತದೆ ಅಂತ ತಡ ಮಾಡಿದವರಿದ್ದರು. ಸೂಜಿ ಕಂಡರೆ ತಲೆ ತಿರುಗೋರು ಇದ್ದರು. ಅಮೆರಿಕದ ಕಪ್ಪು ಜನರಲ್ಲಿ ಹಲವರು ಟಸ್ಕೀಗಿಯನ್ನು ನೆನೆಸಿಕೊಂಡರು. 1932ರಿಂದ 1972ರವರೆಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಬಡ ಕಪ್ಪು ಗಂಡಸರಿಗೆ ಔಷಧಿ ಕೊಡದೆ ಸರ್ಕಾರದವರೇ ಸುಮ್ಮನೆ ನೋಡುತ್ತಾ ಕೂತಿದ್ದ ಜಾಗ ಅದು. ಇವರಿಗೆಲ್ಲ "ಲಸಿಕೆ ವಿರೋಧಿ" ಅಂತ ಒಂದೇ ಹಣೆಪಟ್ಟಿ ಅಂಟಿಸಿದರೆ ಯಾರು ತಾನೇ ಮನಸ್ಸು ಬದಲಿಸಿಕೊಳ್ಳುತ್ತಾರೆ? ಕೂಲಿಯವರಿಗೆ ಮಾರನೇ ದಿನದ ರಜೆ ಕೊಟ್ಟಿದ್ದರೆ ಸಾಕಿತ್ತು.

ಇಷ್ಟೆಲ್ಲ ಇದ್ದರೂ 4 ಅಂಕ ಕೊಟ್ಟಿದ್ದು ಒಂದು ಅಂದಾಜಿನ ಮೇಲೆ. ಲಸಿಕೆ ಬಂದ ಮೊದಲ ವರ್ಷದಲ್ಲೇ, ಅಂದರೆ 2020ರ ಡಿಸೆಂಬರ್‌ನಿಂದ 2021ರ ಡಿಸೆಂಬರ್‌ವರೆಗೆ, ಜಗತ್ತಿನಾದ್ಯಂತ ಸುಮಾರು 1.98 ಕೋಟಿ ಸಾವು ತಪ್ಪಿತು ಅಂತ 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಅದು ಗಣಿತದ ಮಾದರಿಯ ಅಂದಾಜು, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಅರ್ಧ ಅಂತ ಇಟ್ಟುಕೊಂಡರೂ ಒಂದು ಕೋಟಿ ಜನ.

ಈಗ ಯಾರು ಹಾಕಿಸಿಕೊಳ್ಳಬೇಕು? ಎಲ್ಲರೂ ಓಡಬೇಕಾಗಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಬದಲಿಸಿತು. ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರೋರು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇರೋರು, ಗರ್ಭಿಣಿಯರು, ರೋಗಿಗಳ ಹತ್ತಿರ ಕೆಲಸ ಮಾಡೋ ಆರೋಗ್ಯ ಸಿಬ್ಬಂದಿ ಇವರಿಗೆ ಮೊದಲ ಆದ್ಯತೆ. ಆರೋಗ್ಯವಾಗಿರೋ ಮಕ್ಕಳು ಮತ್ತು ಹದಿಹರೆಯದವರದು ಕಡಿಮೆ ಆದ್ಯತೆ. ಲಸಿಕೆಯೂ ಹಳೆಯದಲ್ಲ, ಹೊಸ ತಳಿಗೆ ತಕ್ಕ ಹಾಗೆ ಬದಲಾಯಿಸುತ್ತಿದ್ದಾರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಕೊನೆಯ ಡೋಸಿನ ತಾರೀಖು ಒಮ್ಮೆ ನೋಡಿ. ವರ್ಷ ದಾಟಿದ್ದರೆ ಅವರ ಡಾಕ್ಟರ ಹತ್ತಿರ ಮಾತಾಡಿ, ಹೊಸ ತಳಿಯ ಲಸಿಕೆ ಸಿಗುತ್ತದಾ ಅಂತ ಕೇಳಿ.