ಕನ್ನಡಿಯ ಮುಂದೆ ಐದು ಬಾರಿ: ಹಳೆಯ ಭಯವನ್ನು ಹೊಸ ಕಾಲಕ್ಕೆ ತರುವ ಎರಡು ದಾರಿಗಳ ಹೋಲಿಕೆ

ಯಾರಿಗೋ ಹೀಗಾಯಿತಂತೆ ಎಂದು ಬಾಯಿಂದ ಬಾಯಿಗೆ ಹರಡುವ ಭಯದ ಕಥೆಯನ್ನು ಆಧರಿಸಿದ ಹಳೆಯ ಚಿತ್ರವನ್ನು ಇಂದಿನ ಪ್ರೇಕ್ಷಕರಿಗಾಗಿ ಮತ್ತೆ ಕೈಗೆತ್ತಿಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ. ಅದೇ ಕಥೆಯನ್ನು ಬೇರೆ ನೆಲಕ್ಕೆ ಒಯ್ದು, ಬೇರೆ ನಟರನ್ನಿಟ್ಟುಕೊಂಡು ಮೊದಲಿನಿಂದ ಹೇಳುವುದು ಒಂದು. ಹಳೆಯ ಚಿತ್ರದಲ್ಲಿ ನಡೆದದ್ದೆಲ್ಲ ನಿಜವಾಗಿಯೂ ನಡೆದಿತ್ತೆಂದು ಒಪ್ಪಿಕೊಂಡು, ಅದೇ ಜಾಗಕ್ಕೆ ಹಿಂತಿರುಗಿ, ಆಮೇಲೆ ಏನಾಯಿತು ಎಂದು ಕೇಳುವುದು ಇನ್ನೊಂದು. 1998ರಲ್ಲಿ ಹಿಡಿಯೊ ನಕಾಟಾ ನಿರ್ದೇಶಿಸಿದ ಜಪಾನಿನ ‘ರಿಂಗು’ 2002ರಲ್ಲಿ ಗೋರ್ ವರ್ಬಿನ್ಸ್ಕಿ ಅವರ ಕೈಯಲ್ಲಿ ಅಮೆರಿಕದ ‘ದಿ ರಿಂಗ್’ ಆದದ್ದು ಮೊದಲ ದಾರಿಯಲ್ಲಿ. 1992ರಲ್ಲಿ ಬರ್ನಾರ್ಡ್ ರೋಸ್ ನಿರ್ದೇಶಿಸಿದ ‘ಕ್ಯಾಂಡಿಮ್ಯಾನ್’ ಚಿತ್ರವನ್ನು ನಿಯಾ ಡಕೋಸ್ಟಾ ಅವರು 2021ರಲ್ಲಿ ಅದೇ ಹೆಸರಿನಲ್ಲಿ ಮುಂದುವರಿಸಿದ್ದು ಎರಡನೆಯ ದಾರಿಯಲ್ಲಿ. ಈ ನಾಲ್ಕು ಚಿತ್ರಗಳನ್ನು ನಾನು ಜೋಡಿ ಜೋಡಿಯಾಗಿ, ಹಳೆಯದರ ಬೆನ್ನಿಗೇ ಹೊಸದನ್ನು, ದೀಪ ಆರಿಸಿ ಕುಳಿತು ನೋಡಿದೆ. ಆಮೇಲೆ, ಹಳೆಯ ಚಿತ್ರಗಳ ಹೆಸರನ್ನೂ ಕೇಳಿರದ, ಪದವಿ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಹೊಸ ಎರಡನ್ನು ಮಾತ್ರ ತೋರಿಸಿ, ಅವಳಿಗೆ ಎಲ್ಲಿ ತಟ್ಟಿತು, ಎಲ್ಲಿ ತಟ್ಟಲಿಲ್ಲ ಎಂಬುದನ್ನು ಪಕ್ಕದಲ್ಲೇ ಇದ್ದು ಗಮನಿಸಿದೆ. ಮುಂದಿನ ಮಾತುಗಳಲ್ಲಿ ನಾಲ್ಕೂ ಚಿತ್ರಗಳ ಮುಕ್ತಾಯದ ಪ್ರಸ್ತಾಪ ಬರುತ್ತದೆ.

‘ರಿಂಗ್’ ಜೋಡಿಯ ಕಟ್ಟುಪಾಡು ಸರಳವಾದದ್ದು. ಒಂದು ವಿಡಿಯೊ ಕ್ಯಾಸೆಟ್ ಇದೆ. ಅದನ್ನು ನೋಡಿದವರಿಗೆ ಫೋನ್ ಬರುತ್ತದೆ. ಏಳು ದಿನಗಳಲ್ಲಿ ಸಾವು ಬರುತ್ತದೆ. ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಮಾಡಿ ಬೇರೊಬ್ಬರಿಗೆ ತೋರಿಸಿದರೆ ಮಾತ್ರ ಬದುಕಬಹುದು ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ವರ್ಬಿನ್ಸ್ಕಿ ಈ ಕಟ್ಟುಪಾಡನ್ನು ಒಂದಿಷ್ಟೂ ಅಲುಗಿಸಲಿಲ್ಲ. ಅವರು ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರ ಅದೇ. ಕ್ಯಾಸೆಟ್ ಕಂಡರಿಯದ ಹುಡುಗಿಗೆ ಇದೆಲ್ಲ ಹಳತೆನಿಸಬಹುದೆಂದು ನಾನು ಎಣಿಸಿದ್ದೆ. ಆದರೆ ಪ್ರತಿ ಮಾಡಿ ಮುಂದಕ್ಕೆ ಸಾಗಿಸಿದರೆ ನೀನು ಪಾರು ಎಂಬ ಷರತ್ತು ಅವಳಿಗೆ ಕ್ಷಣದಲ್ಲಿ ಅರ್ಥವಾಯಿತು. ಹತ್ತು ಜನಕ್ಕೆ ಕಳುಹಿಸದಿದ್ದರೆ ಕೆಡುಕಾಗುತ್ತದೆ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳ ನಡುವೆ ಬೆಳೆದವಳು ಅವಳು. ನಮ್ಮ ಕಾಲದಲ್ಲಿ ದೇವರ ಹೆಸರು ಬರೆದ ಅಂಚೆ ಕಾರ್ಡುಗಳು ಇದೇ ಬೆದರಿಕೆ ಹೊತ್ತು ಮನೆಗೆ ಬರುತ್ತಿದ್ದವು. ಸಲಕರಣೆ ಹಳೆಯದಾಗುತ್ತದೆ, ಸಾಗಿಸುವ ಒತ್ತಾಯ ಹಳೆಯದಾಗುವುದಿಲ್ಲ. ಇದನ್ನು ಅರಿಯದೆ, ಕ್ಯಾಸೆಟ್ಟಿನ ಜಾಗದಲ್ಲಿ ಕಂಪ್ಯೂಟರಿನ ಕಡತವನ್ನು ತಂದರೆ ಕಾಲಕ್ಕೆ ಹೊಂದಿಕೊಂಡಂತೆ ಎಂದು ಭಾವಿಸಿದ 2017ರ ‘ರಿಂಗ್ಸ್’ ನನ್ನನ್ನು ಒಂದು ಕ್ಷಣವೂ ಹೆದರಿಸಲಿಲ್ಲ.

ಆದರೆ ವರ್ಬಿನ್ಸ್ಕಿ ಅವರ ಚಿತ್ರ ಒಂದು ಕಡೆ ಮೂಲಕ್ಕಿಂತ ಬಡವಾಗುತ್ತದೆ, ಅದು ವಿವರಣೆಯ ವಿಷಯದಲ್ಲಿ. ಕ್ಯಾಸೆಟ್ಟಿನ ಹಿಂದಿರುವ ಪ್ರೇತ, ನಕಾಟಾ ಅವರ ಸಡಾಕೊಳ ಮುಖವನ್ನು ನಾವು ಪೂರ್ತಿಯಾಗಿ ನೋಡುವುದೇ ಇಲ್ಲ. ಕೂದಲ ಪರದೆಯ ನಡುವೆ ಒಂದೇ ಒಂದು ಕಣ್ಣು ಕಾಣುತ್ತದೆ, ಅಷ್ಟೆ. ಅವಳ ತಾಯಿಯ ಕಥೆ, ದ್ವೀಪದ ಜ್ವಾಲಾಮುಖಿ, ಪತ್ರಕರ್ತರ ಮುಂದೆ ನಡೆದ ಪ್ರದರ್ಶನ ಎಲ್ಲವೂ ತುಣುಕು ತುಣುಕಾಗಿ ಬಂದು ಹೋಗುತ್ತವೆ. ಅವಳ ಅಮೆರಿಕದ ರೂಪವಾದ ಸಮಾರಾಳಿಗೆ ಮುಖವಿದೆ, ಸಾಕುತಂದೆ ಸಾಕುತಾಯಿಯಿದ್ದಾರೆ, ಕುದುರೆ ಸಾಕಣೆಯ ಮನೆಯಿದೆ, ವೈದ್ಯರು ಪ್ರಶ್ನೆ ಕೇಳುವ ಮನೋರೋಗ ಚಿಕಿತ್ಸಾಲಯದ ಚಿತ್ರೀಕರಣವೂ ಇದೆ. ಒಂದು ಕೇಸ್ ಫೈಲು ತುಂಬುವಷ್ಟು ಮಾಹಿತಿ ಸಿಕ್ಕಮೇಲೆ ಅವಳು ಕನಿಕರಕ್ಕೆ ಪಾತ್ರಳಾಗುತ್ತಾಳೆ, ಭಯ ಮಾತ್ರ ತೆಳುವಾಗುತ್ತದೆ. ಪ್ರೇತ ಟೀವಿಯಿಂದ ಹೊರಬರುವ ದೃಶ್ಯದಲ್ಲೂ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಜಪಾನಿನ ಚಿತ್ರದಲ್ಲಿ ಕಬುಕಿ ರಂಗಭೂಮಿಯ ತರಬೇತಿಯಿದ್ದ ನಟಿ ಹಿಂದಕ್ಕೆ ನಡೆದುದನ್ನು ಚಿತ್ರೀಕರಿಸಿ ತಿರುಗುಮುರುಗಾಗಿ ತೋರಿಸಿದ್ದಾರೆ, ಹಾಗಾಗಿ ಒಬ್ಬ ಮನುಷ್ಯಳ ಮೈಯೇ ತಪ್ಪು ದಿಕ್ಕಿನಲ್ಲಿ ಚಲಿಸುತ್ತಿದೆ ಎನಿಸುತ್ತದೆ. ಅಮೆರಿಕದ ಚಿತ್ರದಲ್ಲಿ ಸಮಾರಾಳ ಆಕೃತಿ ಕೆಟ್ಟ ಪ್ರಸಾರದ ಚಿತ್ರದಂತೆ ಅದುರುತ್ತದೆ. ಅದು ಚೆನ್ನಾಗಿದೆ, ಆದರೆ ತಾಂತ್ರಿಕ ಕೈಚಳಕವೆಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಮುಕ್ತಾಯಕ್ಕೆ ಬಂದರೆ ನನ್ನ ಒಲವು ಮತ್ತೆ ಮೂಲದ ಕಡೆಗೇ. ‘ರಿಂಗು’ವಿನಲ್ಲಿ ತಾಯಿ ತನ್ನ ಮಗನನ್ನು ಉಳಿಸಿಕೊಳ್ಳಲು ಕ್ಯಾಸೆಟ್ ಹಿಡಿದು, ಸ್ವಂತ ತಂದೆಯ ಮನೆಯ ಕಡೆಗೆ ಕಾರು ಓಡಿಸುತ್ತಾಳೆ. ಅಮೆರಿಕದ ತಾಯಿ ಮಗನ ಕೈಹಿಡಿದು ಪ್ರತಿ ಮಾಡಿಸುವಾಗ, ಇದನ್ನು ನೋಡಿದವರ ಗತಿಯೇನು ಎಂಬರ್ಥದಲ್ಲಿ ಮಗ ಕೇಳುತ್ತಾನೆ, ಅವಳು ಉತ್ತರಿಸುವುದಿಲ್ಲ. ಎರಡೂ ಬಲವಾದ ಮುಕ್ತಾಯಗಳೇ. ಆದರೆ ಯಾರೋ ಅಪರಿಚಿತರಿಗೆ ಸಾವನ್ನು ದಾಟಿಸುವುದಕ್ಕೂ ಹೆತ್ತ ತಂದೆಗೆ ದಾಟಿಸುವುದಕ್ಕೂ ಇರುವ ಅಂತರ ದೊಡ್ಡದು, ಮತ್ತು ಮರುನಿರ್ಮಾಣ ಆ ಅಂತರದ ಸುಲಭದ ತುದಿಯಲ್ಲಿ ನಿಂತಿತು.

‘ಕ್ಯಾಂಡಿಮ್ಯಾನ್’ ಜೋಡಿಯ ಮುಂದೆ ನಾನು ಹೆಚ್ಚು ಹೊತ್ತು ಕುಳಿತೆ. 1992ರ ಚಿತ್ರವೇ ಒಂದು ಸ್ಥಳಾಂತರದ ಫಲ. ಕ್ಲೈವ್ ಬಾರ್ಕರ್ ಅವರ ಸಣ್ಣಕಥೆ ನಡೆಯುವುದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ಅಲ್ಲಿಯ ಬಡವರ ವಸತಿಗಳ ನಡುವೆ. ರೋಸ್ ಅದನ್ನು ಷಿಕಾಗೊ ನಗರದ ಕಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿ ಸಮುಚ್ಚಯಕ್ಕೆ ತಂದರು. ಕಪ್ಪು ಜನರೇ ಹೆಚ್ಚಾಗಿ ವಾಸಿಸುತ್ತಿದ್ದ, ನಗರದ ಉಳಿದವರು ಹೆಸರು ಕೇಳಿದರೇ ಹೆದರುತ್ತಿದ್ದ ಜಾಗ ಅದು. ಕನ್ನಡಿಯ ಮುಂದೆ ನಿಂತು ಐದು ಬಾರಿ ಹೆಸರು ಕರೆದರೆ, ಕೈಯ ಜಾಗದಲ್ಲಿ ಕೊಕ್ಕೆಯಿರುವ ಒಬ್ಬನು ಹಿಂದಿನಿಂದ ಬಂದು ಕೊಲ್ಲುತ್ತಾನೆ ಎಂಬ ವದಂತಿಯನ್ನು ಹೆಲೆನ್ ಎಂಬ ಬಿಳಿಯ ಸಂಶೋಧನಾ ವಿದ್ಯಾರ್ಥಿನಿ ಅಧ್ಯಯನ ಮಾಡಲು ಹೊರಡುತ್ತಾಳೆ. ಬಿಳಿಯ ಹೆಣ್ಣನ್ನು ಪ್ರೀತಿಸಿದ್ದಕ್ಕಾಗಿ ಕೈ ಕತ್ತರಿಸಿ, ಮೈಗೆ ಜೇನು ಸವರಿ, ಜೇನುಹುಳಗಳಿಂದ ಕಚ್ಚಿಸಿ ಕೊಲ್ಲಲ್ಪಟ್ಟ ಕಪ್ಪು ಚಿತ್ರಕಾರನ ಕಥೆಯನ್ನು ರೋಸ್ ಆ ವದಂತಿಗೆ ಬೇರಾಗಿ ಕೊಟ್ಟರು. ನೆಲ ಬದಲಾದಾಗ ಕಥೆಗೆ ಆ ನೆಲದ್ದೇ ಆದ ಕಾರಣ ಸಿಕ್ಕಿತು. ‘ದಿ ರಿಂಗ್’ಗೆ ಸಿಯಾಟಲ್ ಸುತ್ತಲಿನ ಮಳೆ ಮತ್ತು ಮಬ್ಬು ಬೆಳಕು ಸಿಕ್ಕವು, ಅಂಥ ಕಾರಣ ಸಿಗಲಿಲ್ಲ.

ಹಳೆಯ ಚಿತ್ರದ ಒಂದು ದೃಶ್ಯ ನನ್ನನ್ನು ಇಂದಿಗೂ ಕಾಡುತ್ತದೆ, ಅದರಲ್ಲಿ ರಕ್ತದ ಒಂದು ಹನಿಯೂ ಇಲ್ಲ. ತಾನಿರುವ ದುಬಾರಿ ಅಪಾರ್ಟ್‌ಮೆಂಟ್ ಕಟ್ಟಡವೂ ಮೊದಲು ಬಡವರ ವಸತಿಯಾಗಿಯೇ ಕಟ್ಟಿದ್ದು, ಆಮೇಲೆ ಗೋಡೆಗಳಿಗೆ ಗಾರೆ ಮೆತ್ತಿ ಮಾರಿದ್ದು ಎಂಬುದನ್ನು ಹೆಲೆನ್ ಕಂಡುಹಿಡಿದಿರುತ್ತಾಳೆ. ಅದನ್ನು ಗೆಳತಿಗೆ ತೋರಿಸಲು ಬಚ್ಚಲುಮನೆಯ ಕನ್ನಡಿ ಬಾಗಿಲಿನ ಔಷಧಿ ಗೂಡನ್ನು ಗೋಡೆಯಿಂದ ಕಳಚುತ್ತಾಳೆ. ಹಿಂದೆ ಗೋಡೆಯೇ ಇಲ್ಲ, ಪಕ್ಕದ ಮನೆಯ ಗೂಡಿನ ಬೆನ್ನು ಮಾತ್ರ ಇದೆ. ಕಬ್ರಿನಿ-ಗ್ರೀನ್‌ನಲ್ಲಿ ಕೊಲೆಗಾರ ಇಂಥದ್ದೇ ತೂತಿನಿಂದ ಒಳಗೆ ಬಂದಿದ್ದನು ಎಂಬುದು ಅವಳ ವಾದ. 1987ರಲ್ಲಿ ಷಿಕಾಗೊದ ಇನ್ನೊಂದು ಸರ್ಕಾರಿ ವಸತಿಯಲ್ಲಿ ಒಬ್ಬ ಮಹಿಳೆಯ ಮನೆಗೆ ಔಷಧಿ ಗೂಡಿನ ಹಿಂದಿನ ಕಿಂಡಿಯಿಂದ ನುಗ್ಗಿ ಆಕೆಯನ್ನು ಕೊಂದ ಘಟನೆ ನಿಜವಾಗಿಯೂ ನಡೆದಿತ್ತು. ಅದನ್ನು ತಿಳಿದು ನೋಡಿದರೆ ದೃಶ್ಯದ ತೂಕವೇ ಬೇರೆ. ದೆವ್ವ ಬರುವ ಮೊದಲೇ ಗೋಡೆಯನ್ನು ನಂಬಬಾರದು ಎಂಬ ಭಾವನೆ ಪ್ರೇಕ್ಷಕರ ಮೈಯಲ್ಲಿ ಇಳಿದಿರುತ್ತದೆ, ಮತ್ತು ಟೋನಿ ಟಾಡ್ ಅವರ ಕ್ಯಾಂಡಿಮ್ಯಾನ್ ಬಹಳ ಹೊತ್ತಿನ ನಂತರ ಒಂದು ಕಾರು ನಿಲ್ದಾಣದಲ್ಲಿ, ಕತ್ತಲನ್ನೂ ಕಾಯದೆ, ಮೆಲುದನಿಯಲ್ಲಿ ಅವಳ ಹೆಸರು ಹಿಡಿದು ಕರೆದಾಗ ಬೇರೇನೂ ಬೇಕಾಗುವುದಿಲ್ಲ. ಫಿಲಿಪ್ ಗ್ಲಾಸ್ ಅವರ ಆರ್ಗನ್ ಮತ್ತು ಗಾಯನವೃಂದದ ಸಂಗೀತ ಈ ಭಯಕ್ಕೆ ಚರ್ಚಿನ ಪ್ರಾರ್ಥನೆಯ ಗಾಂಭೀರ್ಯ ಕೊಡುತ್ತದೆ.

ಇಷ್ಟಾದರೂ ಆ ಚಿತ್ರ ಕಬ್ರಿನಿ-ಗ್ರೀನ್ ಅನ್ನು ನೋಡುವುದು ಹೊರಗಿನಿಂದ ಬಂದವಳ ಕಣ್ಣಿನಿಂದ. ಅಲ್ಲಿಯವರ ದುಃಖ ಹೆಲೆನ್‌ಳ ಅಧ್ಯಯನಕ್ಕೆ ಸಾಮಗ್ರಿ, ಆಮೇಲೆ ಅವಳ ಕಥೆಗೆ ಹಿನ್ನೆಲೆ. 2021ರ ಚಿತ್ರ ಬದಲಾಯಿಸಿದ್ದು ಇದನ್ನೇ, ಮತ್ತು ಬದಲಾವಣೆ ಮೊದಲ ಚಿತ್ರಿಕೆಯಿಂದಲೇ ಶುರುವಾಗುತ್ತದೆ. ರೋಸ್ ಅವರ ಚಿತ್ರ ಆಕಾಶದಿಂದ ನೇರ ಕೆಳಗೆ, ಷಿಕಾಗೊದ ರಸ್ತೆಗಳ ಮೇಲೆ ಕಣ್ಣಿಟ್ಟು ಸಾಗುತ್ತಾ ತೆರೆದುಕೊಳ್ಳುತ್ತದೆ. ಡಕೋಸ್ಟಾ ಅವರದು ನೆಲದಲ್ಲಿ ನಿಂತವನ ನೋಟದಂತೆ ಕೆಳಗಿನಿಂದ ಮೇಲಕ್ಕೆ, ಮಂಜಿನೊಳಗೆ ತಲೆಕೆಳಗಾದ ಗಗನಚುಂಬಿಗಳನ್ನು ತೋರಿಸುತ್ತಾ. ಬೆನ್ನುಬೆನ್ನಿಗೆ ನೋಡಿದವರಿಗೆ ಮಾತ್ರ ಈ ಉತ್ತರ ಪ್ರತ್ಯುತ್ತರ ತಿಳಿಯುತ್ತದೆ. ಇನ್ನು ಆ ಜಾಗವೇ ಬದಲಾಗಿದೆ. ಕಬ್ರಿನಿ-ಗ್ರೀನ್‌ನ ಎತ್ತರದ ಕಟ್ಟಡಗಳನ್ನು 1995ರಿಂದ ಕೆಡವಲು ತೊಡಗಿ, ಕೊನೆಯದನ್ನು 2011ರಲ್ಲಿ ನೆಲಸಮ ಮಾಡಲಾಯಿತು. ಅಲ್ಲಿ ಹೊಸ ದುಬಾರಿ ಮನೆಗಳು ಬಂದಿವೆ, ಹಳೆಯ ಸಾಲು ಮನೆಗಳು ಉಳಿದಿವೆ. ಹೊಸ ಚಿತ್ರದ ನಾಯಕ ಆಂಥನಿ ಅಂಥ ಹೊಸ ಮನೆಯೊಂದರಲ್ಲಿ ವಾಸಿಸುವ ಕಪ್ಪು ಚಿತ್ರಕಾರ. ಭಯ ಹುಟ್ಟಿದ ಕಟ್ಟಡವೇ ಇಲ್ಲವಾದಾಗ ಭಯ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ 1992ರಲ್ಲಿ ಹುಟ್ಟಲು ಸಾಧ್ಯವಿರಲಿಲ್ಲ. ಹಳೆಯ ಚಿತ್ರವನ್ನು ಮತ್ತೆ ಎತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಈ ಚಿತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಉಪಾಯವೆಂದರೆ, ಮೊದಲ ಚಿತ್ರದ ಇಡೀ ಕಥೆಯನ್ನು ಒಂದು ವದಂತಿಯಾಗಿ ಮಾಡಿದ್ದು. ಮನೆಯ ಊಟದ ನಂತರದ ಹರಟೆಯಲ್ಲಿ ಒಬ್ಬನು ಹೆಲೆನ್ ಎಂಬವಳ ಕಥೆ ಹೇಳುತ್ತಾನೆ: ತಲೆಕೆಟ್ಟ ಸಂಶೋಧಕಿಯೊಬ್ಬಳು ಜನರನ್ನು ಕೊಂದು, ಮಗುವನ್ನು ಕದ್ದು, ಕೊನೆಗೆ ಬೆಂಕಿಗೆ ನಡೆದಳಂತೆ. ಮೊದಲ ಚಿತ್ರ ನೋಡಿದವರಿಗೆ ಅವಳು ಆ ಮಗುವನ್ನು ಉಳಿಸಿದ್ದಳೆಂದು ಗೊತ್ತು. ಸುಳ್ಳು ಹೀಗೆ ನೆಲೆಯಾಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಈ ಕಥೆಗಳನ್ನೆಲ್ಲ ನಟರನ್ನಿಟ್ಟು ತೋರಿಸದೆ, ಷಿಕಾಗೊದ ‘ಮ್ಯಾನ್ಯುಯಲ್ ಸಿನಿಮಾ’ ತಂಡದ ನೆರಳು ಬೊಂಬೆಗಳಿಂದ ಆಡಿಸಿದ್ದಾರೆ. ಕಾಗದದ ಕೈಕಾಲು, ಅವುಗಳನ್ನು ಆಡಿಸುವ ಕಡ್ಡಿ, ಕೆಲವೆಡೆ ಆಡಿಸುವವರ ಕೈಯೂ ಕಾಣುತ್ತವೆ. ಕಥೆ ಯಾರದೋ ಕೈಯಲ್ಲಿದೆ ಎಂಬುದು ಮರೆಯುವುದೇ ಇಲ್ಲ. ತೊಗಲುಗೊಂಬೆಯಾಟ ಕಂಡ ನಾಡಿನವರಾದ ನಮಗೆ ಇದು ಬಹುಬೇಗ ಹತ್ತಿರವಾಗುತ್ತದೆ.

ದೋಷವೂ ಇದೆ, ಮತ್ತು ಅದು ‘ದಿ ರಿಂಗ್’ನ ದೋಷವೇ. ಕ್ಯಾಂಡಿಮ್ಯಾನ್ ಒಬ್ಬನಲ್ಲ, ಬೇರೆ ಬೇರೆ ಕಾಲದಲ್ಲಿ ಅನ್ಯಾಯವಾಗಿ ಕೊಲ್ಲಲ್ಪಟ್ಟ ಅನೇಕರ ಸಮೂಹ ಎಂಬ ವಿಚಾರ ಅದ್ಭುತವಾದದ್ದು. ಆದರೆ ಅದನ್ನು ಲಾಂಡ್ರಿಯವನ ಪಾತ್ರದ ಬಾಯಿಂದ ಪಾಠದಂತೆ ಹೇಳಿಸಲಾಗಿದೆ. ಬೊಂಬೆಗಳು ಆಗಲೇ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತದೆ. ಒಂದೂವರೆ ಗಂಟೆಯ ಚಿತ್ರದ ಕೊನೆಯ ಭಾಗ ಇದರಿಂದಾಗಿ ಧಾವಂತಕ್ಕೆ ಬೀಳುತ್ತದೆ, ಆಂಥನಿಯ ರೂಪಾಂತರಕ್ಕೆ ಬೇಕಾದ ಸಮಯ ಸಿಗುವುದಿಲ್ಲ. ಅಷ್ಟರವರೆಗೆ ಅವನ ಕೈಯ ಮೇಲಿನ ಒಂದು ಜೇನುಹುಳದ ಕಡಿತ ಹಂತಹಂತವಾಗಿ ಕೊಳೆಯುತ್ತಾ ಹೋಗುವುದನ್ನು ಎಷ್ಟೊಂದು ತಾಳ್ಮೆಯಿಂದ ತೋರಿಸಿದ್ದರು. ಒಬ್ಬ ಕಲಾವಿಮರ್ಶಕಿಯ ಕೊಲೆಯನ್ನು ಕಿಟಕಿಯ ಹೊರಗಿನಿಂದ, ದೂರ ದೂರ ಸರಿಯುತ್ತಾ, ಊರಿಗೆ ಊರೇ ನೋಡದೆ ಇರುವಂತೆ ಚಿತ್ರಿಸಿದವರಿಗೆ ಮಾತಿನ ಆಸರೆ ಬೇಕಿರಲಿಲ್ಲ.

ಅಕ್ಕನ ಮಗಳಿಗೆ ಹಳೆಯ ಚಿತ್ರದ ಅರಿವಿಲ್ಲದೆಯೂ ಕಥೆ ತಿಳಿಯಿತು. ಕೊನೆಯಲ್ಲಿ ಪೊಲೀಸ್ ಕಾರಿನೊಳಗೆ ಕುಳಿತ ನಾಯಕಿ ಕನ್ನಡಿ ನೋಡುತ್ತಾ ತಾನಾಗಿಯೇ ಐದು ಬಾರಿ ಆ ಹೆಸರು ಕರೆದಾಗ ಅವಳು ಎದ್ದು ಕುಳಿತಳು. ಹೆದರಿ ಹೇಳಬಾರದಾಗಿದ್ದ ಹೆಸರು ಅಲ್ಲಿ ರಕ್ಷಣೆ ಬೇಡುವ ಕೂಗಾಗುತ್ತದೆ. ಆದರೆ ಆಂಥನಿ ತನ್ನ ತಾಯಿಯ ಮನೆ ಬಾಗಿಲಿಗೆ ಹೋಗುವ ದೃಶ್ಯ ಅವಳಿಗೆ ಏನೂ ಅನಿಸಲಿಲ್ಲ. 1992ರಲ್ಲಿ ಮಗುವನ್ನು ಕಳೆದುಕೊಂಡು ಚೀರಿದ ಆ್ಯನ್-ಮೇರಿಯ ಪಾತ್ರ ಮಾಡಿದ್ದ ವನೆಸ್ಸಾ ವಿಲಿಯಮ್ಸ್ ಅವರೇ 29 ವರ್ಷಗಳ ನಂತರ ಅದೇ ಪಾತ್ರದಲ್ಲಿ, ಆಂಥನಿಯ ತಾಯಿಯಾಗಿ, ಮತ್ತೆ ಬಂದಿದ್ದಾರೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಲಾರದೆ ಹೇಳುವ ಆ ಮುಖವನ್ನು ಹಳೆಯ ಚಿತ್ರ ನೋಡಿದ ಮಾರನೆಯ ಗಳಿಗೆಯಲ್ಲೇ ನೋಡಿದಾಗ ನನ್ನ ಗಂಟಲು ಕಟ್ಟಿತು. ಎರಡನೆಯ ದಾರಿಯ ಬೆಲೆ ಇದು: ಅರ್ಧ ಫಲ ಹಳೆಯದನ್ನು ಬಲ್ಲವರಿಗೇ ಮೀಸಲು.

ಭಯವೊಂದನ್ನೇ ಅಳತೆಯಾಗಿಟ್ಟರೆ ನನ್ನ ಪಟ್ಟಿಯಲ್ಲಿ 1998ರ ‘ರಿಂಗು’ ಮೊದಲು, 1992ರ ‘ಕ್ಯಾಂಡಿಮ್ಯಾನ್’ ಅದರ ಹಿಂದೆಯೇ. ಮರುನಿರ್ಮಾಣವಾಗಿ ‘ದಿ ರಿಂಗ್’ ಹೆಚ್ಚು ಅಚ್ಚುಕಟ್ಟು, ಮತ್ತು ಹಳೆಯದನ್ನು ನೋಡದವರಿಗೂ ಪೂರ್ತಿ ದಕ್ಕುತ್ತದೆ. ಆದರೂ ದಾರಿಯನ್ನು ಆರಿಸಬೇಕೆಂದರೆ ನಾನು ಡಕೋಸ್ಟಾ ಅವರದನ್ನೇ ಆರಿಸುತ್ತೇನೆ. ಮುಂದುವರಿಕೆ ಎಂಬ ಮಾತ್ರಕ್ಕೆ ಅಲ್ಲ. 1995 ಮತ್ತು 1999ರ ‘ಕ್ಯಾಂಡಿಮ್ಯಾನ್’ ಮುಂದುವರಿಕೆಗಳು ಕಬ್ರಿನಿ-ಗ್ರೀನ್ ಬಿಟ್ಟು ಬೇರೆ ಊರುಗಳಿಗೆ ಹೋಗಿ ಸೊರಗಿದವು. ವದಂತಿಗೆ ವಿಳಾಸವಿರುತ್ತದೆ, ಆ ವಿಳಾಸಕ್ಕೆ ಹೋಗಿ, ಈಗ ಅಲ್ಲಿ ಯಾರಿದ್ದಾರೆ, ಅವರು ಈ ಕಥೆಯನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂದು ಕೇಳಿದ್ದರಿಂದ 2021ರ ಚಿತ್ರಕ್ಕೆ ಹೊಸ ಉಸಿರು ಬಂದಿತು.

ಬೆಂಗಳೂರಿನವರಾದ ನಮಗೂ ಇಂಥದ್ದೊಂದು ವದಂತಿ ಇದೆ. 1990ರ ದಶಕದಲ್ಲಿ ಮನೆಯವರ ದನಿಯಲ್ಲಿ ಕರೆದು ಬಾಗಿಲು ಬಡಿಯುವವಳನ್ನು ತಡೆಯಲು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ನಗೆ ಬೆರೆಸಿ ಹೇಳಿತು. ಅದು ಮೊದಲ ದಾರಿ, ಮತ್ತು ಅದನ್ನು ಜನ ಮೆಚ್ಚಿದರು. ಆ ಬರಹವಿದ್ದ ಬಾಗಿಲುಗಳಲ್ಲಿ ಎಷ್ಟೋ ಈಗ ಇಲ್ಲ, ವಠಾರಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ಬಾಗಿಲು ಬಡಿಯುವ ಮೊದಲು ಗೇಟಿನ ಕಾವಲುಗಾರನಿಂದ ಫೋನ್ ಬರುತ್ತದೆ. ಎರಡನೆಯ ದಾರಿ ಹಿಡಿಯುವ ಕನ್ನಡದ ನಿರ್ದೇಶಕರಿಗೆ ಅಲ್ಲಿ ಬೇಕಾದಷ್ಟು ಸಾಮಗ್ರಿ ಇದೆ. ಅಂಥ ಚಿತ್ರ ಬಂದರೆ, ಅವಳು ಯಾರು, ಏಕೆ ಬರುತ್ತಿದ್ದಳು ಎಂಬುದನ್ನು ಯಾವ ಪಾತ್ರವೂ ಕುಳಿತು ವಿವರಿಸದಿರಲಿ ಎಂಬುದಷ್ಟೇ ನನ್ನ ಕೋರಿಕೆ.